ಪ್ರಳಯ ಸಾಕು, ಟಿಸಿ ಸುಟ್ಟ ಕಥೆ ಹೇಳಿ

ಸೂರ್ಯನ ಮೇಲೆ ಒಂದು ದೊಡ್ಡ ಸ್ಫೋಟ ಆದರೆ ನಮ್ಮ ಟಿವಿಗಳಲ್ಲಿ ಏನೇನು ಬರುತ್ತದೆ ಅಂತ ಈಗ ಕಣ್ಣುಮುಚ್ಚಿ ಹೇಳಬಹುದು. ಬೆಂಕಿಯ ಗೋಳ, ಅದರಿಂದ ಹೊರಟ ನಾಲಿಗೆ ಭೂಮಿಯನ್ನು ನೆಕ್ಕುವ ಗ್ರಾಫಿಕ್ಸು, ಹಿಂದಿನಿಂದ ಢಂ ಢಂ ಸಂಗೀತ. ಒಂದು ಬದಿಗೆ ವಿಜ್ಞಾನಿ, ಇನ್ನೊಂದು ಬದಿಗೆ ಜ್ಯೋತಿಷಿ. ವಿಜ್ಞಾನಿಗೆ ಎರಡು ನಿಮಿಷ, ಜ್ಯೋತಿಷಿಗೆ ಅರ್ಧ ಗಂಟೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಆ ಹಳೇ ಮೆಸೇಜು ಬಂದು ಬಿದ್ದಿರುತ್ತದೆ: ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ ತನಕ ಕಾಸ್ಮಿಕ್ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ. ಮರುದಿನ ಬೆಳಿಗ್ಗೆ ಎಲ್ಲರೂ ಎದ್ದು, ಚಾ ಕುಡಿದು, ಎಂತದ್ದೂ ಆಗಲಿಲ್ಲವಲ್ಲ ಅಂತ ನಗುತ್ತಾರೆ. ಅಲ್ಲಿಗೆ ಸುದ್ದಿ ಖತಂ.

ಉತ್ಪ್ರೇಕ್ಷೆ ಮಾಡುತ್ತಾರೆ ಅನ್ನುವುದು ನನ್ನ ತಕರಾರಲ್ಲ. ಅದಕ್ಕೆಲ್ಲ ನಾವು ಒಗ್ಗಿ ಹೋಗಿದ್ದೇವೆ. ನನ್ನ ತಕರಾರು ಬೇರೆ. ಒಂದು ವಿಷಯವನ್ನು ಪ್ರಳಯ ಅಂತ ಕರೆದ ಕೂಡಲೇ ಅದು ಯಾರ ಕೆಲಸವೂ ಅಲ್ಲದ ವಿಷಯ ಆಗಿಬಿಡುತ್ತದೆ. ಪ್ರಳಯಕ್ಕೆ ಯಾರು ಜವಾಬ್ದಾರಿ? ದೇವರು. ಆದರೆ ಸೌರ ಬಿರುಗಾಳಿಯಿಂದ ಕರೆಂಟಿನ ಜಾಲವನ್ನೂ ಅಣುಸ್ಥಾವರವನ್ನೂ ಕಾಪಾಡುವುದು ಸಂಬಳ ತೆಗೆದುಕೊಳ್ಳುವ ಇಂಜಿನಿಯರುಗಳು ಮಾಡಬೇಕಾದ, ಮಾಡಲು ಸಾಧ್ಯವಿರುವ, ತೀರಾ ಬೋರಿಂಗ್ ಆದ ಒಂದು ಕೆಲಸ. ಪ್ರಳಯದ ಕಥೆ ಕೇಳುತ್ತಾ ಕೂತರೆ "ಆ ಕೆಲಸ ಆಗಿದೆಯಾ ಸ್ವಾಮಿ?" ಅಂತ ಕೇಳುವುದೇ ಮರೆತುಹೋಗುತ್ತದೆ.

ಈ ಪ್ರಳಯದ ಅಚ್ಚು ಬಂದದ್ದು ಎಲ್ಲಿಂದ ಅಂತ ಹುಡುಕಿದರೆ ನನಗೆ ಸಿಗುವುದು ರೋಲಂಡ್ ಎಮೆರಿಕ್ ಅವರ '2012' ಸಿನಿಮಾ. 2009ರ ನವೆಂಬರಲ್ಲಿ ಬಂದದ್ದು. ನಾವು ಆಗ ಬಿ.ಇ. ಹುಡುಗರು. ಹಾಸ್ಟೆಲಿನಲ್ಲಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹೋಗಿ ಅದನ್ನು ನೋಡದವರೇ ಇರಲಿಲ್ಲ. ಅದರಲ್ಲಿ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ, ಒಂದು ತಾಮ್ರದ ಗಣಿಯ ತಳದಲ್ಲಿ. ಸೂರ್ಯನಿಂದ ಬಂದ ನ್ಯೂಟ್ರಿನೋಗಳು ಭೂಮಿಯ ಒಡಲನ್ನು ಮೈಕ್ರೋವೇವ್ ಒಲೆಯ ಹಾಗೆ ಕಾಯಿಸುತ್ತಿವೆ ಅಂತ ಅಲ್ಲಿನ ಭಾರತೀಯ ವಿಜ್ಞಾನಿ ಕಂಡುಹಿಡಿಯುತ್ತಾನೆ. ನ್ಯೂಟ್ರಿನೋ ಹಾಗೆಲ್ಲ ಮಾಡುವುದಿಲ್ಲ, ಅದು ಇರಲಿ. ಕುತೂಹಲ ಇರುವುದು ಆ ವಿಜ್ಞಾನಿಯ ಹೆಸರಿನಲ್ಲಿ: ಸತ್ನಾಮ್ ತ್ಸುರುತಾನಿ. ಭಾರತೀಯನಿಗೆ ಈ ಜಪಾನೀ ಅಡ್ಡಹೆಸರು ಯಾಕೆ ಬಂತು ಅಂತ ಆಗ ತಲೆಗೆ ಹೋಗಿರಲಿಲ್ಲ.

ಬ್ರೂಸ್ ತ್ಸುರುತಾನಿ ಅಂತ ನಿಜವಾದ ಒಬ್ಬ ವಿಜ್ಞಾನಿ ಇದ್ದಾರೆ. 2003ರಲ್ಲಿ ಅವರು ಗುರ್ಬಕ್ಸ್ ಲಾಖಿನಾ ಮೊದಲಾದ ಭಾರತೀಯ ವಿಜ್ಞಾನಿಗಳ ಜೊತೆ ಸೇರಿ 1859ರ ಸೆಪ್ಟೆಂಬರಿನ ಕ್ಯಾರಿಂಗ್ಟನ್ ಬಿರುಗಾಳಿಯ ಬಗ್ಗೆ ಒಂದು ಪ್ರಬಂಧ ಬರೆದರು. ದಾಖಲೆಯಲ್ಲಿರುವ ಸೌರ ಬಿರುಗಾಳಿಗಳಲ್ಲಿ ಅದು ಅತಿ ದೊಡ್ಡವುಗಳ ಸಾಲಿನದು. ಆ ದಿನ ಭೂಮಿಯ ಕಾಂತಕ್ಷೇತ್ರ ಎಷ್ಟು ಕುಸಿಯಿತು ಅಂತ ಅವರಿಗೆ ಅಂಕಿ ಸಿಕ್ಕಿದ್ದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಹಳೇ ಪುಸ್ತಕಗಳಲ್ಲಿ. ಯಾರೋ ಕೂತು ಕೈಯಾರೆ ಬರೆದಿಟ್ಟ ಸಾಲುಗಳು. ಸುಮಾರು 1600 ನ್ಯಾನೋಟೆಸ್ಲಾ ಕುಸಿತ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಜಗತ್ತಿನ ಸರಾಸರಿ ಸೂಚ್ಯಂಕ ಇಳಿದದ್ದು 400ರ ಆಸುಪಾಸಿಗೆ. (ಒಂದು ಊರಿನ ಅಳತೆಯನ್ನೂ ಸರಾಸರಿಯನ್ನೂ ನೇರ ಹೋಲಿಸಬಾರದು, ಆದರೂ ಅಂದಾಜು ಸಿಗುತ್ತದೆ.) ಮುಂಬಯಿಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ, ಅದರ ಕರೆಂಟಿನಿಂದ ಅಳತೆ ಕೆಡುತ್ತದೆ ಅಂತ ಆಮೇಲೆ, 1904ರಲ್ಲಿ, ಆ ಕೆಲಸವನ್ನು ಅಲಿಬಾಗಿಗೆ ಒಯ್ದರು. ಸಿನಿಮಾಕ್ಕೆ ಹೆಸರು ಸಿಕ್ಕಿತು, ಪುಸ್ತಕ ಸಿಗಲಿಲ್ಲ. ಸಿನಿಮಾದ ಸತ್ನಾಮ್‌ಗೆ ಕಡೆಗೆ ಆದದ್ದೇನು ಗೊತ್ತಲ್ಲ? ಕರೆದುಕೊಂಡು ಹೋಗುತ್ತೇವೆ ಅಂದ ವಿಮಾನ ಬರುವುದೇ ಇಲ್ಲ, ಹೆಂಡತಿ ಮಗುವಿನ ಜೊತೆ ಸುನಾಮಿಯಲ್ಲಿ ಹೋಗುತ್ತಾನೆ. ನೂರು ಕೋಟಿ ಯೂರೋ ಟಿಕೆಟ್ ಕೊಂಡವರು ಹಡಗಿನಲ್ಲಿ ಕೂರುತ್ತಾರೆ. ಆ ಒಂದು ವಿಷಯದಲ್ಲಿ ಸಿನಿಮಾ ಪೂರ್ತಿ ಸುಳ್ಳಲ್ಲ.

ಈಗ ನಿಜವಾದ 2012ಕ್ಕೆ ಬನ್ನಿ. ಡಿಸೆಂಬರ್ 21ಕ್ಕೆ ಮಾಯನ್ ಕ್ಯಾಲೆಂಡರ್ ಮುಗಿಯುತ್ತದೆ ಅಂತ ಚರ್ಚೆಯೋ ಚರ್ಚೆ ನಡೆದ ವರ್ಷ. ಆ ವರ್ಷ ಜುಲೈ 23ರಂದು ಸೂರ್ಯನಿಂದ ಕ್ಯಾರಿಂಗ್ಟನ್ ದರ್ಜೆಯ ಒಂದು ಸ್ಫೋಟ ನಿಜಕ್ಕೂ ಹೊರಟಿತ್ತು. ಅದು ಭೂಮಿಯ ಕಕ್ಷೆಯನ್ನು ದಾಟಿಯೂ ಹೋಯಿತು. ಭೂಮಿ ಆ ಹೊತ್ತಿಗೆ ಕಕ್ಷೆಯ ಬೇರೆ ಕಡೆ ಇತ್ತು, ಅಷ್ಟೇ. ಹೊಡೆತ ತಿಂದದ್ದು ನಾಸಾದ ಸ್ಟೀರಿಯೋ-ಎ ಎಂಬ ನೌಕೆ. ಒಂದು ವಾರ ಮುಂಚೆ ಆಗಿದ್ದರೆ ನಮಗೇ ಬಡಿಯುತ್ತಿತ್ತು.

ಅದಾಗಿ ಒಂದೇ ವಾರಕ್ಕೆ, ಜುಲೈ 30 ಮತ್ತು 31ರಂದು, ಭಾರತದ ಗ್ರಿಡ್ ತಾನಾಗಿಯೇ ಬಿತ್ತು. ಅದಕ್ಕೆ ಸೂರ್ಯ ಬೇಕಾಗಲಿಲ್ಲ. ಬೀನಾ-ಗ್ವಾಲಿಯರ್ ನಡುವಿನ ಒಂದು 400 ಕೆವಿ ಲೈನು ಓವರ್‌ಲೋಡ್ ಆಯಿತು. ಓವರ್‌ಲೋಡನ್ನೇ ಶಾರ್ಟ್ ಸರ್ಕ್ಯೂಟ್ ಅಂತ ತಿಳಿದ ರಿಲೇ ಲೈನನ್ನು ಕತ್ತರಿಸಿತು. ಆ ಹೊರೆ ಪಕ್ಕದ ಲೈನಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ಸುಮಾರು 60 ಕೋಟಿ ಜನ ಇರುವ ಪ್ರದೇಶ ಕತ್ತಲಾಯಿತು. ರೈಲುಗಳು ನಿಂತವು, ಬಂಗಾಳ-ಜಾರ್ಖಂಡಿನಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರು ನೆಲದಡಿ ಸಿಕ್ಕಿಹಾಕಿಕೊಂಡರು. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕ್ಯಾಸ್ಕೇಡಿಂಗ್ ಫೈಲ್ಯೂರ್. ಕಾಪಾಡಲಿಕ್ಕೆ ಅಂತ ಬರೆದ ಹೆಲ್ತ್ ಚೆಕ್ಕೇ ಒಳ್ಳೆಯ ಸರ್ವರುಗಳನ್ನು ಒಂದೊಂದಾಗಿ ಹೊರಗೆ ಹಾಕಿದ ಕಥೆ.

ಆ ಎರಡು ದಿನ ಮಂಗಳೂರಿನಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಯಾಕೆಂದರೆ ಆಗ ದಕ್ಷಿಣದ ಗ್ರಿಡ್ ಬೇರೆಯೇ ತಾಳದಲ್ಲಿ ಓಡುತ್ತಿತ್ತು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವ ಡಿಸಿ ಲೈನಿನಂಥ ಕೆಲವು ಕೊಂಡಿಗಳು ಮಾತ್ರ ಇದ್ದವು. ಡಿಸಿ ಕೊಂಡಿಯಲ್ಲಿ ಒಂದು ಕಡೆಯ ಕುಸಿತ ಇನ್ನೊಂದು ಕಡೆಗೆ ಸುಲಭಕ್ಕೆ ದಾಟುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಚಾಲೂ ಆಯಿತು. ಅಲ್ಲಿಂದ ಮೇಲೆ ಇಡೀ ದೇಶ ಒಂದೇ ಗ್ರಿಡ್. ಒಳ್ಳೆಯದೇ ಆಯಿತು, ಕರೆಂಟಿನ ಅಭಾವ ಇದ್ದಾಗ ಉತ್ತರದಿಂದ ಬರುತ್ತದೆ. ಆದರೆ ಜಾಲ ಉದ್ದ ಆದಷ್ಟೂ, ತಂತಿಯ ರೆಸಿಸ್ಟೆನ್ಸ್ ಕಡಿಮೆ ಆದಷ್ಟೂ ಸೌರ ಬಿರುಗಾಳಿಗೆ ಅದು ಹೆಚ್ಚು ಒಳ್ಳೆಯ ಬಲೆ. ಇದನ್ನು ಯಾವ ಢಂ ಢಂ ಕಾರ್ಯಕ್ರಮದಲ್ಲೂ ನಾನು ಕೇಳಿಲ್ಲ.

ಬಲೆ ಅಂದರೆ ಹೇಗೆ? ಸೂರ್ಯನಿಂದ ಬಂದ ಕಣಗಳು ನಮ್ಮ ತಂತಿಗೆ ಬಂದು ಬಡಿಯುವುದಿಲ್ಲ. ಅವು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತವೆ. ಅಲುಗಾಡುವ ಕಾಂತಕ್ಷೇತ್ರ ನೆಲದಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ. ಲೆಕ್ಕಕ್ಕೆ ಕಿಲೋಮೀಟರಿಗೆ ಅರ್ಧ ವೋಲ್ಟ್ ಅಂತ ಇಟ್ಟುಕೊಳ್ಳಿ. 200 ಕಿಲೋಮೀಟರ್ ಉದ್ದದ ಲೈನಿಗೆ 100 ವೋಲ್ಟ್ ಆಯಿತು. ನಾಲ್ಕು ಲಕ್ಷ ವೋಲ್ಟಿನ ಲೈನಿಗೆ ನೂರು ವೋಲ್ಟ್ ಯಾವ ಲೆಕ್ಕ ಅನ್ನಿಸಬಹುದು. ಆದರೆ ಅದು ಡಿಸಿ ಥರದ್ದು. ಲೈನು, ಎರಡು ತುದಿಯ ಟ್ರಾನ್ಸ್‌ಫಾರ್ಮರು, ಅರ್ಥಿಂಗ್ ಎಲ್ಲ ಸೇರಿ ನಾಲ್ಕು ಓಮ್ ಅಂದರೂ 25 ಆಂಪಿಯರ್, ನೆಲದಿಂದ ಹತ್ತಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಮೂಲಕ ಹರಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರ್ ಎಸಿಗೆ ಮಾಡಿದ್ದು, ಸೆಕೆಂಡಿಗೆ 50 ಸಲ ಅತ್ತ ಇತ್ತ ತೂಗುವ ತಕ್ಕಡಿ. ಡಿಸಿ ಬಂದರೆ ಒಂದು ತಟ್ಟೆಗೆ ಕಲ್ಲು ಇಟ್ಟ ಹಾಗೆ. ಕೋರ್ ಒಂದು ಬದಿಗೆ ತುಂಬಿಕೊಂಡು ಕಾಂತಶಕ್ತಿ ಆಚೀಚೆ ಸೋರುತ್ತದೆ, ಎಲ್ಲೆಲ್ಲೋ ಬಿಸಿ ಏರುತ್ತದೆ, ಕರೆಂಟಿನ ಅಲೆ ವಿಕಾರ ಆಗುತ್ತದೆ. ಆ ವಿಕಾರ ನೋಡಿ ರಿಲೇಗಳು ಗಾಬರಿಬೀಳುತ್ತವೆ.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಗ್ರಿಡ್ಡಿನಲ್ಲಿ ಆದದ್ದು ಇದೇ. ವೋಲ್ಟೇಜ್ ಹಿಡಿದಿಡುವ ಏಳು ಯಂತ್ರಗಳನ್ನು ಅವುಗಳದೇ ರಕ್ಷಣಾ ರಿಲೇಗಳು ಆಫ್ ಮಾಡಿದವು. ಒಂದೂವರೆ ನಿಮಿಷದಲ್ಲಿ ಇಡೀ ಪ್ರಾಂತ್ಯ ಕತ್ತಲು, 60 ಲಕ್ಷ ಜನ, ಒಂಬತ್ತು ಗಂಟೆ. ಅದೇ ಬಿರುಗಾಳಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣುಸ್ಥಾವರದ ದೊಡ್ಡ ಟ್ರಾನ್ಸ್‌ಫಾರ್ಮರು ಒಳಗಿನಿಂದ ಬೆಂದುಹೋಯಿತು. ಕಟ್ಟಿ ಮುಗಿಯುವ ಮೊದಲೇ ರದ್ದಾದ ಇನ್ನೊಂದು ಅಣುಸ್ಥಾವರಕ್ಕೆ ಮಾಡಿಸಿಟ್ಟದ್ದು ಒಂದು ಎಲ್ಲೋ ಇತ್ತು, ತಂದು ಕೂರಿಸಿದರು.

"ಅದೆಲ್ಲ ಧ್ರುವದ ಹತ್ತಿರದವರ ತಲೆನೋವು, ನಮಗೆಂತ ಮಾರಾಯ?" ಅಂತ ಕೇಳುವವರಿಗೆ ಅರ್ಧ ಉತ್ತರ ಹೌದು. ಧ್ರುವದ ಕಡೆ ಅಪಾಯ ಹೆಚ್ಚು, ನಮ್ಮಲ್ಲಿ ಕಡಿಮೆ. ಆದರೆ ಕಡಿಮೆ ಅಂದರೆ ಸೊನ್ನೆ ಅಲ್ಲ. 2003ರ ಅಕ್ಟೋಬರ್-ನವೆಂಬರ್ ಬಿರುಗಾಳಿಗಳ ನಂತರದ ತಿಂಗಳುಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಲವು ದೊಡ್ಡ ಟ್ರಾನ್ಸ್‌ಫಾರ್ಮರುಗಳು ಕೆಟ್ಟವು. 2004ರ ನವೆಂಬರಲ್ಲಿ ದಕ್ಷಿಣ ಚೀನಾದ ಲಿಂಗ್ಆವ್ ಅಣುಸ್ಥಾವರದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲಿನಲ್ಲಿ 75 ಆಂಪಿಯರ್ ಅಳೆದರು. ಆ ಜಾಗ ಕೋಲ್ಕತ್ತದ ಅಕ್ಷಾಂಶದಲ್ಲಿದೆ! ನಮ್ಮ ದಕ್ಷಿಣ ತುದಿಯ ಮೇಲಂತೂ ಕಾಂತೀಯ ಸಮಭಾಜಕ ಹಾದುಹೋಗುತ್ತದೆ. ಅಲ್ಲಿ ಆಕಾಶದಲ್ಲಿ ಹಗಲು ಹೊತ್ತು ಹರಿಯುವ ಒಂದು ವಿದ್ಯುತ್ ಹೊಳೆ ಉಂಟು, ಬಿರುಗಾಳಿ ಬಡಿದ ಕ್ಷಣ ಅದು ಜಿಗಿಯುತ್ತದೆ. ತುಂಬಾದಲ್ಲಿ ರಾಕೆಟ್ ಕೇಂದ್ರ ಕಟ್ಟಿದ್ದೇ ಅದನ್ನು ನೋಡಲಿಕ್ಕೆ. ಜೊತೆಗೆ ಕರಾವಳಿಯ ಒಂದು ಚಾಳಿ: ಉಪ್ಪುನೀರು ಕರೆಂಟನ್ನು ಚೆನ್ನಾಗಿ ಸಾಗಿಸುತ್ತದೆ, ಘಟ್ಟದ ಗಟ್ಟಿ ಕಲ್ಲು ಸಾಗಿಸುವುದಿಲ್ಲ. ಇವೆರಡು ಕೂಡುವ ಅಂಚಿನಲ್ಲಿ ನೆಲದ ವೋಲ್ಟೇಜ್ ಏರುತ್ತದೆ. ಅಂಥ ಅಂಚಿಗೆ ಹತ್ತಿರ ಯಾರಿದ್ದಾರೆ? ನಾವು. ಪಡುಬಿದ್ರೆ ಹತ್ತಿರದ ಥರ್ಮಲ್ ಸ್ಥಾವರ. ಮತ್ತೆ ಕೈಗಾ.

ಕೈಗಾದ ಬಗ್ಗೆ ನಮ್ಮ ಕರಾವಳಿಯವರಿಗೆ ಹಳೇ ಲೆಕ್ಕ ಉಂಟು. ಕ್ವಿಬೆಕ್ ಕತ್ತಲಾದ ಅದೇ 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಲೋಕಸಭೆಗೆ ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ನಂತರ ಅದೇ ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಪರ-ವಿರೋಧ ಎರಡೂ ಕಡೆಯವರ ಬರಹದಲ್ಲಿ ಕಾಡು, ವಿಕಿರಣ, ಕ್ಯಾನ್ಸರ್, ಮೆಗಾವ್ಯಾಟ್ ಎಲ್ಲ ಬಂದಿದೆ. ಅಣುಸ್ಥಾವರಕ್ಕೂ ಹೊರಗಿನಿಂದ ಕರೆಂಟ್ ಬೇಕು ಎನ್ನುವ ಸಾದಾ ವಿಷಯ ಅಷ್ಟಾಗಿ ಬಂದಿಲ್ಲ. ನನ್ನ ಆಫೀಸಿನಲ್ಲಿ ಹೇಳಿದರೆ ಅರ್ಧ ಜನ ನಂಬಲಿಲ್ಲ. "ಕರೆಂಟ್ ಮಾಡುವವನಿಗೇ ಕರೆಂಟ್ ಯಾಕೆ?"

ರಿಯಾಕ್ಟರ್ ಆಫ್ ಮಾಡಿದರೂ ಬಿಸಿ ಆಫ್ ಆಗುವುದಿಲ್ಲ, ಅದಕ್ಕೆ. 220 ಮೆಗಾವ್ಯಾಟ್ ಕರೆಂಟ್ ಕೊಡುವ ರಿಯಾಕ್ಟರು ಸುಮಾರು 750 ಮೆಗಾವ್ಯಾಟ್ ಶಾಖ ಮಾಡುತ್ತದೆ. ನಿಲ್ಲಿಸಿದ ಕ್ಷಣವೂ ಅದರ ಶೇಕಡಾ ಆರೇಳು ಉಳಿದಿರುತ್ತದೆ, ಒಂದು ದಿನ ಕಳೆದರೂ ಶೇಕಡಾ ಅರ್ಧ. ಅಂದರೆ ಸುಮಾರು ನಾಲ್ಕು ಮೆಗಾವ್ಯಾಟ್, ಎರಡು ಸಾವಿರ ಬಚ್ಚಲುಮನೆ ಗೀಸರುಗಳು ಒಟ್ಟಿಗೆ ಉರಿದ ಹಾಗೆ. ಅದನ್ನು ತಣಿಸಲು ನೀರು, ನೀರಿಗೆ ಪಂಪು, ಪಂಪಿಗೆ ಗ್ರಿಡ್. ಗ್ರಿಡ್ ಹೋದರೆ ಡೀಸೆಲ್ ಜನರೇಟರ್. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪ ಗ್ರಿಡ್ಡನ್ನು ತೆಗೆಯಿತು, ಸುನಾಮಿ ಡೀಸೆಲನ್ನು ತೆಗೆಯಿತು.

ಅಷ್ಟು ದೂರ ಹೋಗುವುದು ಬೇಡ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರಪ್ರದೇಶದ ನರೋರಾದಲ್ಲಿ ಟರ್ಬೈನಿನ ಬ್ಲೇಡ್ ಮುರಿದು ಹೈಡ್ರೋಜನ್ ಹೊತ್ತಿಕೊಂಡಿತು. ಕೇಬಲುಗಳು ಸುಟ್ಟದ್ದರಿಂದ ಕರೆಂಟು ಪಂಪುಗಳಿಗೆ ತಲುಪಲಿಲ್ಲ. 17 ಗಂಟೆ ಪೂರ್ತಿ ಕತ್ತಲು. ಟಾರ್ಚ್ ಹಿಡಿದು ಮೇಲೆ ಹತ್ತಿದ ನೌಕರರು ಕೈಯಿಂದ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪಿನಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ರಿಯಾಕ್ಟರ್ ಉಳಿಯಿತು. ಕೈಗಾದಲ್ಲಿರುವುದೂ ಅದೇ ವರ್ಗದ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರು. ಈ ವರ್ಗದ್ದಕ್ಕೆ ಒಂದು ಒಳ್ಳೆಯ ಗುಣ ಉಂಟು, ಮೇಲೆ ನೀರು ಸಿಗುತ್ತಿದ್ದರೆ ಒಳಗಿನ ನೀರು ಪಂಪಿಲ್ಲದೆಯೂ ತಾನಾಗಿ ಸುತ್ತುತ್ತದೆ. ಫುಕುಶಿಮಾದ ನಂತರ ನಮ್ಮ ಸ್ಥಾವರಗಳಿಗೆ ಹೊರಗಿನಿಂದ ನೀರು ಕೊಡುವ ಜೋಡಣೆಗಳನ್ನೂ ಸೇರಿಸಿದರು. ಇದನ್ನೂ ಹೇಳಬೇಕು, ಹೆದರಿಸುವುದು ನನ್ನ ಉದ್ದೇಶ ಅಲ್ಲ.

ಆದರೆ ನರೋರಾದಲ್ಲಿ ಗೇಟಿನ ಹೊರಗೆ ದೇಶ ಎಂದಿನಂತೆ ಇತ್ತು. ಸೌರ ಬಿರುಗಾಳಿಯಲ್ಲಿ ಗೇಟಿನ ಹೊರಗೂ ಕರೆಂಟ್ ಇರುವುದಿಲ್ಲ, ಅದೂ ಎಷ್ಟು ದಿನ ಅಂತ ಹೇಳಲಾಗುವುದಿಲ್ಲ. ಪೆಟ್ರೋಲ್ ಬಂಕಿನ ಪಂಪು ಓಡುವುದೂ ಕರೆಂಟಿನಿಂದ. 2024ರ ಜುಲೈ 16ರಂದು ಅಂಕೋಲದ ಶಿರೂರಲ್ಲಿ ಗುಡ್ಡ ಜಾರಿ ಮಂಗಳೂರು-ಕಾರವಾರ ಹೆದ್ದಾರಿ ಮುಚ್ಚಿತು, ಗ್ಯಾಸ್ ಟ್ಯಾಂಕರ್ ಒಂದು ಗಂಗಾವಳಿ ನದಿಗೆ ಬಿತ್ತು. ಅದೇ ತಿಂಗಳು ಸಕಲೇಶಪುರದ ಹತ್ತಿರ ಶಿರಾಡಿಯ ದಾರಿಯೂ ಕುಸಿಯಿತು. ಅಂಥ ಮಳೆಗಾಲದ ವಾರದಲ್ಲಿ ಡೀಸೆಲ್ ಹೇಗೆ ಬರುತ್ತದೆ, ಇನ್ನೂರು ಟನ್ನಿನ ಟ್ರಾನ್ಸ್‌ಫಾರ್ಮರ್ ಹೇಗೆ ಬರುತ್ತದೆ?

ಬೆಳ್ತಂಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ಟಿಸಿ ಸುಟ್ಟರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ "ಬೇರೆ ಟಿಸಿ ಉಂಟಾ?" ಎನ್ನುವುದು. ಯಾಕೆ ಸುಟ್ಟಿತು, ಯಾರ ಗ್ರಹಚಾರ, ಅದೆಲ್ಲ ಆಮೇಲೆ. ಲೈನ್‌ಮ್ಯಾನಿಗೆ ಫೋನು ಮಾಡಬೇಕು, ಸ್ಟೋರಿನಲ್ಲಿ ಸ್ಟಾಕ್ ಇರಬೇಕು, ತರಲು ಪಿಕಪ್ ಬೇಕು, ನಾಲ್ಕು ಜನ ಕೈಕೊಡಬೇಕು. ಅಷ್ಟರಲ್ಲಿ ತೋಟಕ್ಕೆ ನೀರಿಲ್ಲದೆ ಅಡಿಕೆ ಸಸಿ ಬಾಡುತ್ತಿತ್ತು. ಅಪ್ಪನಿಗೆ ಗೊತ್ತಿದ್ದ ಈ ಪ್ರಶ್ನೆ ನಮ್ಮ ಸ್ಟುಡಿಯೋಗಳಿಗೆ ಗೊತ್ತಿಲ್ಲ. 400 ಕೆವಿಯ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಆರ್ಡರ್ ಕೊಟ್ಟು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಯಬೇಕು.

2024ರ ಮೇ 10ರ ರಾತ್ರಿಗೆ ಬರೋಣ. 2003ರ ನಂತರದ ಅತಿ ತೀವ್ರ ದರ್ಜೆಯ ಬಿರುಗಾಳಿ. ನಮ್ಮಲ್ಲಿ ಸುದ್ದಿ ಆದದ್ದು ಲಡಾಖಿನ ಹಾನ್ಲೆಯಲ್ಲಿ ಕೆಂಪಾದ ಆಕಾಶದ ಫೋಟೋ. ಚಂದದ ಫೋಟೋ, ನಾನೂ ಸ್ಟೇಟಸ್ ಹಾಕಿದ್ದೆ. ಅದೇ ಹೊತ್ತಿಗೆ ನ್ಯೂಜಿಲೆಂಡಿನ ಗ್ರಿಡ್ ಸಂಸ್ಥೆ ಟ್ರಾನ್ಸ್‌ಪವರ್ ತುರ್ತುಸ್ಥಿತಿ ಘೋಷಿಸಿ, ಮೊದಲೇ ಬರೆದಿಟ್ಟ ಯೋಜನೆಯ ಪ್ರಕಾರ ಕೆಲವು ಲೈನುಗಳನ್ನು ತಾನಾಗಿಯೇ ಆಫ್ ಮಾಡಿತು. ಅಲ್ಲಿ ಏನೂ ಆಗಲಿಲ್ಲ. ಈ "ಏನೂ ಆಗಲಿಲ್ಲ"ದ ಹಿಂದೆ ಎಷ್ಟು ಕೆಲಸ ಇರುತ್ತದೆ ಅಂತ ನಮ್ಮ ಕಸುಬಿನವರಿಗೆ ಗೊತ್ತಿರಬೇಕು. ವೈ2ಕೆ ಅಂತ ನಮ್ಮ ಸೀನಿಯರುಗಳು ವರ್ಷಗಟ್ಟಲೆ ಕೂತು ಎರಡಂಕಿಯ ಇಸವಿಗಳನ್ನು ತಿದ್ದಿದರು. 2000ದ ಜನವರಿ 1ಕ್ಕೆ ದೊಡ್ಡ ಅನಾಹುತ ಆಗಲಿಲ್ಲ, ಜನ "ಎಲ್ಲ ಬುರುಡೆ" ಅಂದರು.

ನಮ್ಮಲ್ಲಿ ಸಾಮಾನು ಇಲ್ಲ ಅಂತಲ್ಲ. ಆದಿತ್ಯ-ಎಲ್1 2024ರ ಜನವರಿ 6ರಿಂದ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತಿದೆ. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಸ್ಫೋಟ ಹೊರಟದ್ದು ಕಂಡರೆ ಹದಿನೈದು ಗಂಟೆಯಿಂದ ಎರಡು ಮೂರು ದಿನದ ಸಮಯ. ಬರುತ್ತಿರುವುದರ ಕಾಂತದಿಕ್ಕು ಯಾವ ಕಡೆಗೆ, ಅಂದರೆ ಹೊಡೆತ ಜೋರೋ ಮೆಲ್ಲಗೋ ಎನ್ನುವುದು ತಿಳಿಯುವುದು ಮಾತ್ರ ಅದು ಎಲ್1 ದಾಟುವಾಗ, ಕಡೆಯ ಹತ್ತರಿಂದ ನಲವತ್ತು ನಿಮಿಷದಲ್ಲಿ. ಆನ್-ಕಾಲ್ ಮಾಡಿದವರಿಗೆ ಇದರ ಅರ್ಥ ಗೊತ್ತು. ಅಲರ್ಟ್ ಬಂದ ಮೇಲೆ ರನ್‌ಬುಕ್ ಬರೆಯಲು ಕೂರಲಾಗುವುದಿಲ್ಲ.

ಹಾಗಾಗಿ ನಾನು ಓದಲು ಬಯಸುವ ವರದಿ ಬೇರೆ ಥರದ್ದು. ಅದರ ವರದಿಗಾರ ಬೆಂಗಳೂರಿನ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಹೋಗಿ ಕೇಳುತ್ತಾನೆ: ಇಸ್ರೋದ ಎಚ್ಚರಿಕೆ ನಿಮ್ಮ ಕಂಟ್ರೋಲ್ ರೂಮಿನ ಯಾವ ಮೇಜಿಗೆ ಬರುತ್ತದೆ, ರಾತ್ರಿ ಎರಡು ಗಂಟೆಗೆ ಆ ಮೇಜಿನಲ್ಲಿ ಯಾರಿರುತ್ತಾರೆ? ರಿಪೇರಿಗೆ ಬಿಚ್ಚಿದ ಲೈನುಗಳನ್ನು ಎಷ್ಟು ಹೊತ್ತಿನಲ್ಲಿ ವಾಪಸ್ ಜೋಡಿಸುತ್ತೀರಿ? ಯಾವ ಟ್ರಾನ್ಸ್‌ಫಾರ್ಮರಿನ ಹೊರೆ ಮೊದಲು ಇಳಿಸುತ್ತೀರಿ? ಡಿಸಿಯನ್ನು ತಡೆಯಲು ನ್ಯೂಟ್ರಲಿಗೆ ಕೆಪಾಸಿಟರ್ ಹಾಕುವ ಉಪಾಯ ಇದೆಯಲ್ಲ, ಅದನ್ನು ರಾಯಚೂರಿನಲ್ಲಿ, ಕೈಗಾದಲ್ಲಿ ಯೋಚಿಸಿದ್ದೀರಾ? ಅಮೆರಿಕದಲ್ಲಿ ದೊಡ್ಡ ಗ್ರಿಡ್ ಕಂಪನಿಗಳು ಇಂಥ ಲೆಕ್ಕ ಮಾಡಿಡುವುದು ಕಡ್ಡಾಯ. ಆಮೇಲೆ ಅವನು ಕೈಗಾಕ್ಕೆ ಹೋಗಿ ಎಷ್ಟು ದಿನದ ಡೀಸೆಲ್ ಇದೆ ಅಂತ ಕೇಳುತ್ತಾನೆ. ಎರಡೂ ಘಟ್ಟದ ದಾರಿ ಮುಚ್ಚಿದರೆ ಮುಂದಿನ ಟ್ಯಾಂಕರ್ ಎಲ್ಲಿಂದ ಅಂತಲೂ ಕೇಳುತ್ತಾನೆ. ಅಲ್ಲಿಗೆ 700 ಮೆಗಾವ್ಯಾಟಿನ ಇನ್ನೆರಡು ಘಟಕ ಬರುತ್ತಿರುವಾಗ ಇದು ಕಾಲಹರಣದ ಪ್ರಶ್ನೆ ಅಲ್ಲ.

ಒಂದು ಅಂಕಿಯಂತೂ ಬೇಕೇ ಬೇಕು. ಕೊಲಾಬಾದಲ್ಲಿ 1859ರಲ್ಲಿ ಕೈಯಲ್ಲಿ ಬರೆದಿಟ್ಟರು ಅಂದೆನಲ್ಲ, ಅಂಥದ್ದು. 2024ರ ಮೇ 10ರ ರಾತ್ರಿ ಕೈಗಾದಿಂದ ಧಾರವಾಡದ ಕಡೆ ಹೋಗುವ 400 ಕೆವಿ ಲೈನಿನ ತುದಿಯ ಟ್ರಾನ್ಸ್‌ಫಾರ್ಮರುಗಳ ನ್ಯೂಟ್ರಲಿನಲ್ಲಿ ಎಷ್ಟು ಆಂಪಿಯರ್ ಡಿಸಿ ಹರಿಯಿತು? ಅಳೆಯಲು ಬೇಕಾದ ಸೆನ್ಸರಿನ ಬೆಲೆ ಟ್ರಾನ್ಸ್‌ಫಾರ್ಮರಿನ ಬೆಲೆಯ ಮುಂದೆ ಏನೂ ಅಲ್ಲ. ಎರಡು ಆಂಪಿಯರ್ ಅಂತ ಬಂದರೆ ನೆಮ್ಮದಿಯಿಂದ ಮಲಗೋಣ, ಈ ಲೇಖನವನ್ನೂ ಮರೆಯೋಣ. ಇಪ್ಪತ್ತು ಅಂತ ಬಂದರೆ ಮುಂದಿನ ಪ್ರಶ್ನೆ ಕೇಳೋಣ. ನಾನು ಓದಿದ ಯಾವ ವರದಿಯಲ್ಲೂ ಆ ಅಂಕಿ ಇರಲಿಲ್ಲ. ಆಕಾಶದ ಬಣ್ಣ ಮಾತ್ರ ಇತ್ತು.